ಒಂದು ಸಾಲು ಎರಡು ಸಲ, ಇನ್ನೊಂದು ಸಾಲು ಇಲ್ಲವೇ ಇಲ್ಲ: ಪೈಥಾನ್‌ನ ಡಿಕ್ಟ್‌ಕಾನ್ಫಿಗ್ ಸರಿಮಾಡುವುದು ಹೇಗೆ?

ಪ್ರಶ್ನೆ: ನಮ್ಮೂರಿನ ಹಾಲಿನ ಡೈರಿಗೆ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೇನೆ. ಬೆಳಿಗ್ಗೆ, ಸಂಜೆ ಹಾಲು ಹಾಕಿದವರ ಲೀಟರ್, ಫ್ಯಾಟ್ ಬರೆದುಕೊಂಡು, ಲೆಕ್ಕ ಹಾಕಿ, ಸದಸ್ಯರ ಮೊಬೈಲ್‌ಗೆ ಮೆಸೇಜ್ ಕಳಿಸುತ್ತದೆ. ಪ್ಯಾಕೇಜ್ ಹೆಸರು ‘ಹಾಲು’. ಅದರೊಳಗೆ ‘ಹಾಲು.ಮೆಸೇಜ್’, ‘ಹಾಲು.ಲೆಕ್ಕ’ ಎಂಬ ಎರಡು ಮಾಡ್ಯೂಲ್ ಇವೆ. ಲಾಗಿಂಗ್‌ಗೆ, ಅಂದರೆ ಪ್ರೋಗ್ರಾಂ ಏನು ಮಾಡಿತು ಅಂತ ಸಾಲು ಸಾಲಾಗಿ ಬರೆದಿಡಲು, ಡಿಕ್ಟ್‌ಕಾನ್ಫಿಗ್ ಬಳಸಿದ್ದೇನೆ. ಸೆಟ್ಟಿಂಗ್‌ಗಳನ್ನು ಒಂದು ಡಿಕ್ಷನರಿಯಲ್ಲಿ ಬರೆದು ಅದಕ್ಕೆ ಕೊಡುವುದು. ಎಲ್ಲ ಲಾಗರ್‌ಗಳ ಮೂಲವಾದ ರೂಟ್‌ಗೂ ‘ಹಾಲು.ಮೆಸೇಜ್’ಗೂ ಪರದೆ, ಫೈಲ್ ಎರಡೂ ಹ್ಯಾಂಡ್ಲರ್ ಕೊಟ್ಟಿದ್ದೇನೆ. ಈಗ ಮೆಸೇಜ್ ಮಾಡ್ಯೂಲ್‌ನ ಸಾಲುಗಳು ಎರಡೆರಡು ಸಲ ಬರುತ್ತವೆ. ಲೆಕ್ಕದ ಮಾಡ್ಯೂಲ್ ಬಾಯೇ ಬಿಡುವುದಿಲ್ಲ. ಫೈಲ್ ಹ್ಯಾಂಡ್ಲರ್‌ಗೆ ಡಿಬಗ್ ಲೆವೆಲ್ ಇಟ್ಟರೂ ಡಿಬಗ್ ಸಾಲು ಒಂದೂ ಇಲ್ಲ. ಡೈರಿಯ ವಿಂಡೋಸ್ ಕಂಪ್ಯೂಟರಿನಲ್ಲಂತೂ ಕೆಲವು ಸದಸ್ಯರ ಸಾಲುಗಳೇ ಫೈಲಿನಲ್ಲಿ ಕಾಣೆಯಾಗಿವೆ. ನನ್ನ ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಅವು ಸರಿಯಾಗಿ ಬರುತ್ತವೆ. ಇಷ್ಟೆಲ್ಲಾ ಯಾಕೆ, ಬೇಸಿಕ್‌ಕಾನ್ಫಿಗ್ ಸಾಕಲ್ವಾ?

ಉತ್ತರ: ನಿಮ್ಮ ನಾಲ್ಕು ತೊಂದರೆಗೂ ಕಾರಣ ಬೇರೆ ಬೇರೆ. ಆದರೆ ನಾಲ್ಕನ್ನೂ ಹುಡುಕುವ ದಾರಿ ಒಂದೇ. ಒಂದು ಲಾಗ್ ಸಾಲು ಹುಟ್ಟಿದ ಜಾಗದಿಂದ ಫೈಲ್ ಸೇರುವವರೆಗೆ ಯಾವ ಯಾವ ಬಾಗಿಲು ದಾಟುತ್ತದೆ ಅಂತ ಬೆರಳಿಟ್ಟು ನೋಡಬೇಕು. ಡಿಕ್ಷನರಿಯನ್ನು ಮೇಲಿಂದ ಕೆಳಕ್ಕೆ ಓದಿದರೆ ಇದು ಕಾಣುವುದಿಲ್ಲ. ಅಲ್ಲಿ ಫಾರ್ಮ್ಯಾಟರ್ (ಸಾಲಿಗೆ ರೂಪ ಕೊಡುವುದು) ಮೊದಲು, ಹ್ಯಾಂಡ್ಲರ್ (ಪರದೆಗೋ ಫೈಲಿಗೋ ಬರೆಯುವುದು) ಆಮೇಲೆ, ಲಾಗರ್ (ಸಾಲು ಹುಟ್ಟಿಸುವುದು) ಕೊನೆಗೆ ಬರೆಯುವುದು ರೂಢಿ. ಸಾಲು ಹೋಗುವ ದಾರಿ ಅದಕ್ಕೆ ಉಲ್ಟಾ. ಲಾಗರ್‌ನಲ್ಲಿ ಹುಟ್ಟಿ, ಹ್ಯಾಂಡ್ಲರ್‌ಗೆ ಬಂದು, ಕೊನೆಗೆ ಫಾರ್ಮ್ಯಾಟರ್ ಕೈಗೆ ಸಿಗುತ್ತದೆ. ಹಾಗಾಗಿ ನಿಮ್ಮ ಡಿಕ್ಷನರಿಯನ್ನು ಒಮ್ಮೆ ಕೆಳಗಿನಿಂದ ಮೇಲಕ್ಕೆ ಓದಿ ನೋಡಿ. ಅರ್ಧ ಗೊಂದಲ ಅಲ್ಲೇ ಬಿಡುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕೋಡಿನ ಪದಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನಿಮ್ಮ ಫೈಲಿನಲ್ಲಿ ಅವನ್ನು ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು. ಕೀಗಳು ಸಣ್ಣಕ್ಷರ, ಮ್ಯಾಕ್ಸ್‌ಬೈಟ್ಸ್ ಮತ್ತು ಬ್ಯಾಕಪ್‌ಕೌಂಟ್‌ನಲ್ಲಿ ಮಾತ್ರ ಎರಡನೇ ಪದದ ಮೊದಲ ಅಕ್ಷರ ದೊಡ್ಡದು. ಲೆವೆಲ್ ಹೆಸರುಗಳು ಪೂರ್ತಿ ದೊಡ್ಡಕ್ಷರ. ಕ್ಲಾಸ್ ಹೆಸರಿನಲ್ಲಿ ಪ್ರತಿ ಪದದ ಮೊದಲ ಅಕ್ಷರ ದೊಡ್ಡದು.

ಬೇಸಿಕ್‌ಕಾನ್ಫಿಗ್ ಪ್ರಶ್ನೆ ಬೇಗ ಮುಗಿಸೋಣ. ಒಂದೇ ಫೈಲಿನ ಸ್ಕ್ರಿಪ್ಟ್‌ಗೆ ಅದು ಧಾರಾಳ ಸಾಕು. ಅದು ರೂಟ್ ಲಾಗರ್ ಒಂದನ್ನೇ ಸಿದ್ಧ ಮಾಡುತ್ತದೆ. ರೂಟ್‌ಗೆ ಆಗಲೇ ಹ್ಯಾಂಡ್ಲರ್ ಇದ್ದರೆ ಏನೂ ಮಾಡದೆ ಸುಮ್ಮನೆ ವಾಪಸ್ ಹೋಗುತ್ತದೆ. ಪೈಥಾನ್ 3.8ರಲ್ಲಿ ಬಂದ ‘ಫೋರ್ಸ್’ ಕೊಟ್ಟರೆ ಮಾತ್ರ ಹಳೆಯದನ್ನು ಕಿತ್ತು ಹೊಸದು ಹಾಕುತ್ತದೆ. ನಿಮಗೆ ಬೇಕಿರುವುದು ಬೇರೆ. ಪರದೆಗೆ ಸ್ವಲ್ಪ, ಫೈಲಿಗೆ ಜಾಸ್ತಿ, ನಿಮ್ಮ ಕೋಡಿಗೆ ಒಂದು ಲೆವೆಲ್, ಹೊರಗಿನ ಲೈಬ್ರರಿಗಳಿಗೆ ಇನ್ನೊಂದು. ಅದಕ್ಕೆ ಡಿಕ್ಷನರಿಯೇ ಸರಿ.

ಈ ಲಾಗಿಂಗ್ ಮಾಡ್ಯೂಲ್ 2003ರಲ್ಲಿ ಪೈಥಾನ್ 2.3 ಜೊತೆ ಬಂತು. ಬರೆದವರು ವಿನಯ್ ಸಾಜಿಪ್. ಜಾವಾದ ಲಾಗ್4ಜೆ ನೆರಳು ಅದರ ಮೇಲಿದೆ. ‘ಗೆಟ್‌ಲಾಗರ್’, ‘ಡಿಕ್ಟ್‌ಕಾನ್ಫಿಗ್’ ಅಂತ ನಡುವೆ ದೊಡ್ಡಕ್ಷರ ಬರುವ ಹೆಸರುಗಳು ಅದಕ್ಕೇ ಪೈಥಾನ್‌ನಲ್ಲಿ ಸ್ವಲ್ಪ ಬೇರೆಯಾಗಿ ಕಾಣುತ್ತವೆ. ಮೊದಲು ಇದ್ದದ್ದು ಫೈಲ್‌ಕಾನ್ಫಿಗ್. ಐಎನ್‌ಐ ಫೈಲಿನಲ್ಲಿ ಬರೆಯಬೇಕಿತ್ತು. ಅದರಲ್ಲಿ ಫಿಲ್ಟರ್ (ಸಾಲನ್ನು ಸೋಸುವ ಇಲ್ಲವೇ ತಿದ್ದುವ ಭಾಗ) ಬರೆಯಲು ಜಾಗವೇ ಇಲ್ಲ. ವಿನಯ್ ಸಾಜಿಪ್ ಅವರೇ 2009ರಲ್ಲಿ ಪೆಪ್ 391 ಎಂಬ ಪ್ರಸ್ತಾವದಲ್ಲಿ ಡಿಕ್ಷನರಿ ದಾರಿ ತೋರಿಸಿದರು. ಅದು ಪೈಥಾನ್ 2.7 ಮತ್ತು 3.2ರಲ್ಲಿ ಸೇರಿತು. ಡಿಕ್ಷನರಿಯ ಲಾಭ ದೊಡ್ಡದು. ಅದನ್ನು ಜೇಸನ್‌ನಿಂದ ಓದಬಹುದು, ಯಾಮಲ್‌ನಿಂದ ಓದಬಹುದು, ಕೋಡಿನಲ್ಲೇ ಬರೆಯಬಹುದು. ಡಿಕ್ಟ್‌ಕಾನ್ಫಿಗ್‌ಗೆ ಕೊಡುವ ಮುಂಚೆ ಒಂದೆರಡು ಬೆಲೆ ಬದಲಿಸಲೂಬಹುದು. ವೆಬ್‌ಸೈಟ್ ಕಟ್ಟಲು ಬಳಸುವ ಜಾಂಗೋ ಕೂಡ ತನ್ನ ಸೆಟ್ಟಿಂಗ್ಸ್‌ನಲ್ಲಿರುವ ‘ಲಾಗಿಂಗ್’ ಡಿಕ್ಷನರಿಯನ್ನು ಇದೇ ಡಿಕ್ಟ್‌ಕಾನ್ಫಿಗ್ ಕೈಗೆ ಕೊಡುತ್ತದೆ. ಇಲ್ಲಿ ಕಲಿತದ್ದು ಅಲ್ಲೂ ನಡೆಯುತ್ತದೆ.

ಈಗ ಸಾಲಿನ ಹಿಂದೆ ಹೋಗೋಣ.

‘ಹಾಲು.ಮೆಸೇಜ್’ ಮಾಡ್ಯೂಲ್‌ನಲ್ಲಿ ನೀವು ‘ಲಾಗರ್.ಡಿಬಗ್’ ಅಂತ ಕರೆದಿರಿ ಅಂದುಕೊಳ್ಳಿ. ಮೊದಲ ಬಾಗಿಲು ಆ ಲಾಗರ್‌ನ ಲೆವೆಲ್. ಲೆವೆಲ್ ಅಂದರೆ ಒಂದು ಸಂಖ್ಯೆ ಅಷ್ಟೆ. ಡಿಬಗ್ 10, ಇನ್ಫೋ 20, ವಾರ್ನಿಂಗ್ 30, ಎರರ್ 40, ಕ್ರಿಟಿಕಲ್ 50. ಲಾಗರ್‌ಗೆ ಲೆವೆಲ್ ಕೊಟ್ಟಿಲ್ಲ ಅಂದರೆ ಅದರ ಅಪ್ಪನನ್ನು ಕೇಳುತ್ತದೆ. ಅಪ್ಪನಿಗೂ ಇಲ್ಲದಿದ್ದರೆ ಅಜ್ಜನನ್ನು. ‘ಹಾಲು.ಮೆಸೇಜ್’ನ ಅಪ್ಪ ‘ಹಾಲು’, ಅದರ ಅಪ್ಪ ರೂಟ್. ಹೆಸರಿನ ನಡುವಿನ ಚುಕ್ಕಿಯೇ ಈ ನಂಟು ಹೇಳುತ್ತದೆ. ಮೊದಲು ಸಿಕ್ಕ ಲೆವೆಲ್‌ಗಿಂತ ಸಾಲಿನ ಸಂಖ್ಯೆ ಕಡಿಮೆ ಇದ್ದರೆ ಸಾಲು ಅಲ್ಲೇ ಸತ್ತಿತು. ಹ್ಯಾಂಡ್ಲರ್‌ಗೆ ಅದು ಹುಟ್ಟಿದ್ದೇ ಗೊತ್ತಾಗುವುದಿಲ್ಲ.

ಆ ಬಾಗಿಲು ದಾಟಿದರೆ ಸಾಲು ತನ್ನ ಲಾಗರ್‌ನ ಹ್ಯಾಂಡ್ಲರ್‌ಗಳಿಗೆ ಹೋಗುತ್ತದೆ. ಆಮೇಲೆ ಅಪ್ಪನ ಹ್ಯಾಂಡ್ಲರ್‌ಗಳಿಗೆ, ಆಮೇಲೆ ರೂಟ್‌ನ ಹ್ಯಾಂಡ್ಲರ್‌ಗಳಿಗೆ. ನಡುವೆ ಯಾರಾದರೂ ‘ಪ್ರೊಪಗೇಟ್’ ಅನ್ನು ಫಾಲ್ಸ್ ಮಾಡಿದ್ದರೆ ಅಲ್ಲಿಗೆ ನಿಲ್ಲುತ್ತದೆ. ಪ್ರತಿ ಹ್ಯಾಂಡ್ಲರ್‌ಗೂ ತನ್ನದೇ ಲೆವೆಲ್ ಇರುತ್ತದೆ. ಅದು ಎರಡನೇ ಬಾಗಿಲು.

ತುಂಬ ಜನ ತಪ್ಪುವುದು ಇಲ್ಲಿ. ಸಾಲು ಮೇಲಕ್ಕೆ ಹತ್ತುವಾಗ ಅಪ್ಪ, ಅಜ್ಜನ ಲೆವೆಲ್ ಯಾರೂ ನೋಡುವುದಿಲ್ಲ. ಅವರ ಹ್ಯಾಂಡ್ಲರ್‌ಗಳನ್ನು ಮಾತ್ರ ಕರೆಯುತ್ತಾರೆ. ರೂಟ್ ಲೆವೆಲ್ ವಾರ್ನಿಂಗ್ ಇದ್ದರೂ, ‘ಹಾಲು’ ಲಾಗರ್ ಡಿಬಗ್ ಆಗಿದ್ದರೆ, ಅದರ ಡಿಬಗ್ ಸಾಲು ರೂಟ್‌ನ ಫೈಲ್ ಹ್ಯಾಂಡ್ಲರ್‌ಗೆ ಹೋಗಿಯೇ ಹೋಗುತ್ತದೆ. ರೂಟ್‌ನ ಲೆವೆಲ್ ಅನ್ವಯ ಆಗುವುದು ರೂಟ್‌ನಲ್ಲೇ ಹುಟ್ಟಿದ ಸಾಲಿಗೆ, ಇಲ್ಲವೇ ಸ್ವಂತ ಲೆವೆಲ್ ಇಲ್ಲದೆ ರೂಟ್‌ನಿಂದ ಪಡೆದ ಮಕ್ಕಳಿಗೆ. ಈ ಒಂದು ನಿಯಮ ಮನಸ್ಸಿಗೆ ಕೂತರೆ ನಿಮ್ಮ ಮೊದಲ ಮತ್ತು ಮೂರನೇ ತೊಂದರೆ ಎರಡೂ ಬಿಡಿಸಿದ ಹಾಗೆ.

ಎರಡೆರಡು ಸಲ ಬರುವುದು ಯಾಕೆ ಅಂದರೆ, ‘ಹಾಲು.ಮೆಸೇಜ್’ನ ಹ್ಯಾಂಡ್ಲರ್ ಒಮ್ಮೆ ಬರೆಯಿತು, ಮೇಲೆ ಹತ್ತಿದ ಮೇಲೆ ರೂಟ್‌ನ ಹ್ಯಾಂಡ್ಲರ್ ಇನ್ನೊಮ್ಮೆ ಬರೆಯಿತು. ನೀವು ಎರಡೂ ಕಡೆ ಅದೇ ಹ್ಯಾಂಡ್ಲರ್ ಹೆಸರು ಕೊಟ್ಟಿದ್ದೀರಿ. ಪೈಥಾನ್ ‘ಇದು ಆಗಲೇ ಬರೆದದ್ದು’ ಅಂತ ಲೆಕ್ಕ ಇಡುವುದಿಲ್ಲ. ಕೆಲವರು ‘ಪ್ರೊಪಗೇಟ್’ ಫಾಲ್ಸ್ ಮಾಡಿ ಸರಿಮಾಡುತ್ತಾರೆ. ಕೆಲಸ ಆಗುತ್ತದೆ, ಆದರೆ ನಾಳೆ ರೂಟ್‌ಗೆ ಇನ್ನೊಂದು ಹ್ಯಾಂಡ್ಲರ್ ಸೇರಿಸಿದಾಗ ಆ ಲಾಗರ್ ಮಾತ್ರ ಅಲ್ಲಿಗೆ ಬರುವುದಿಲ್ಲ. ಎರಡು ತಿಂಗಳು ಕಳೆದ ಮೇಲೆ ಕಾರಣ ನಿಮಗೂ ನೆನಪಿರುವುದಿಲ್ಲ. ಹ್ಯಾಂಡ್ಲರ್‌ಗಳನ್ನು ರೂಟ್‌ನಲ್ಲಿ ಮಾತ್ರ ಇಡಿ. ಕೆಳಗಿನ ಲಾಗರ್‌ಗಳಿಗೆ ಲೆವೆಲ್ ಒಂದೇ ಕೊಡಿ. ನಾನು ಹಾಗೇ ಮಾಡುತ್ತೇನೆ. ಒಂದು ಮಾಡ್ಯೂಲ್‌ನ ಸಾಲುಗಳು ಬೇರೆ ಫೈಲಿಗೇ ಹೋಗಬೇಕು, ಮುಖ್ಯ ಫೈಲಿಗೆ ಬರಲೇಬಾರದು ಅನ್ನುವಾಗ ಮಾತ್ರ ‘ಪ್ರೊಪಗೇಟ್’ ಮುಟ್ಟಿ.

ಡಿಬಗ್ ಸಾಲು ಬರದಿರುವುದಕ್ಕೂ ಅದೇ ನಿಯಮ. ಫೈಲ್ ಹ್ಯಾಂಡ್ಲರ್‌ನ ಬಾಗಿಲು 10ಕ್ಕೆ ತೆರೆದಿದೆ, ಸರಿ. ಆದರೆ ಲಾಗರ್‌ನ ಬಾಗಿಲು ಇನ್ಫೋ ಅಥವಾ ವಾರ್ನಿಂಗ್‌ನಲ್ಲಿ ಇದ್ದರೆ ಡಿಬಗ್ ಸಾಲು ಅಲ್ಲಿಯವರೆಗೆ ಬರುವುದೇ ಇಲ್ಲ. ಲೆವೆಲ್ ಏನೂ ಕೊಡದೆ ಬಿಟ್ಟರೆ ರೂಟ್ ವಾರ್ನಿಂಗ್‌ನಲ್ಲೇ ಇರುತ್ತದೆ ಅನ್ನುವುದನ್ನೂ ಮರೆಯಬೇಡಿ. ಲಾಗರ್ ಅಗಲವಾಗಿ ತೆರೆದಿರಲಿ, ಬಿಗಿ ಮಾಡುವುದೆಲ್ಲ ಹ್ಯಾಂಡ್ಲರ್‌ನಲ್ಲಿ ಮಾಡಿ.

ಇನ್ನು ಲೆಕ್ಕದ ಮಾಡ್ಯೂಲ್. ನನಗೆ ಅತಿ ಜಾಸ್ತಿ ಬೇಸರ ತರಿಸುವುದು ಇದೇ ತೊಂದರೆ. ಕೆಲವು ವರ್ಷಗಳ ಹಿಂದೆ ನಾನು ಒಂದು ಹಣ ಪಾವತಿ ಪ್ರೋಗ್ರಾಂ ನೋಡಿಕೊಳ್ಳುತ್ತಿದ್ದೆ. ರಾತ್ರಿ ಓಡುವ ಕೆಲಸ ಅದು. ಕೆಲವು ಪಾವತಿ ಬಿಟ್ಟುಹೋಗುತ್ತಿದ್ದವು, ಲಾಗ್ ಮಾತ್ರ ಸ್ವಚ್ಛ. ಎರರ್ ಒಂದೂ ಇಲ್ಲ. ಎರಡು ದಿನ ನಾವು ಬ್ಯಾಂಕಿನ ಕಡೆಯ ದೋಷ ಅಂತಲೇ ಹುಡುಕಿದೆವು. ಕೊನೆಗೆ ಗೊತ್ತಾಯಿತು, ಎರರ್ ಬರೆಯಬೇಕಾಗಿದ್ದ ಆ ಒಂದು ಮಾಡ್ಯೂಲ್‌ನ ಲಾಗರ್ ಬಾಯಿಯನ್ನೇ ನಮ್ಮ ಕಾನ್ಫಿಗ್ ಕಟ್ಟಿಹಾಕಿತ್ತು. ಹಣ ಬರದೆ ಕಾದವರಿಗೆ ಆ ಎರಡು ದಿನ ಸಣ್ಣದಲ್ಲ. ಅವತ್ತಿನಿಂದ ನಾನು ಯಾವ ಡಿಕ್ಷನರಿ ನೋಡಿದರೂ ಮೊದಲು ಕಣ್ಣು ಹೋಗುವುದು ಆ ಒಂದು ಕೀಗೆ: ‘ಡಿಸೇಬಲ್_ಎಕ್ಸಿಸ್ಟಿಂಗ್_ಲಾಗರ್ಸ್’.

ಈ ಕೀ ಬರೆಯದೆ ಬಿಟ್ಟರೆ ಅದರ ಬೆಲೆ ಟ್ರೂ. ಹಳೆಯ ಫೈಲ್‌ಕಾನ್ಫಿಗ್ ಹೇಗಿತ್ತೋ ಹಾಗೇ ಉಳಿಸಿಕೊಂಡರು. ಟ್ರೂ ಇದ್ದರೆ ಏನಾಗುತ್ತದೆ ನೋಡಿ. ಡಿಕ್ಟ್‌ಕಾನ್ಫಿಗ್ ಕರೆಯುವ ಹೊತ್ತಿಗೆ ಆಗಲೇ ಹುಟ್ಟಿರುವ ಎಲ್ಲ ಲಾಗರ್‌ಗಳನ್ನೂ ಅದು ಹುಡುಕುತ್ತದೆ. ನಿಮ್ಮ ಡಿಕ್ಷನರಿಯಲ್ಲಿ ಹೆಸರು ಇರುವ ಲಾಗರ್‌ಗಳು, ಅವುಗಳ ಮಕ್ಕಳು ಮತ್ತು ರೂಟ್ ಬಿಟ್ಟು ಉಳಿದ ಎಲ್ಲವನ್ನೂ ‘ಡಿಸೇಬಲ್ಡ್’ ಮಾಡುತ್ತದೆ. ನಿಮ್ಮ ಮುಖ್ಯ ಫೈಲಿನ ತಲೆಯಲ್ಲೇ ‘ಹಾಲು.ಲೆಕ್ಕ’ ಇಂಪೋರ್ಟ್ ಆಗುತ್ತದೆ. ಇಂಪೋರ್ಟ್ ಆಗುವಾಗಲೇ ಅದರೊಳಗಿನ ‘ಗೆಟ್‌ಲಾಗರ್’ ಓಡಿ ಲಾಗರ್ ಹುಟ್ಟುತ್ತದೆ. ಆಮೇಲೆ ನೀವು ಡಿಕ್ಟ್‌ಕಾನ್ಫಿಗ್ ಕರೆದಿರಿ. ಡಿಕ್ಷನರಿಯಲ್ಲಿ ‘ಹಾಲು.ಮೆಸೇಜ್’ ಹೆಸರು ಇದೆ, ಅದು ಉಳಿಯಿತು. ‘ಹಾಲು.ಲೆಕ್ಕ’ ಇಲ್ಲ, ಅದರ ಬಾಯಿ ಮುಚ್ಚಿತು. ಹೀಗೆ ಮುಚ್ಚಿದ ಲಾಗರ್ ಕ್ರಿಟಿಕಲ್ ಸಾಲನ್ನೂ ಬರೆಯುವುದಿಲ್ಲ. ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ.

ಅದಕ್ಕೇ ಇದನ್ನು ಯಾವಾಗಲೂ ಫಾಲ್ಸ್ ಅಂತ ಬರೆಯಿರಿ. ‘ನನ್ನ ಎಲ್ಲ ಲಾಗರ್ ಹೆಸರೂ ಡಿಕ್ಷನರಿಯಲ್ಲಿ ಇದೆಯಲ್ಲ’ ಅನ್ನಬೇಡಿ. ನೀವು ಬಳಸುವ ಹೊರಗಿನ ಲೈಬ್ರರಿಗಳ ಲಾಗರ್‌ಗಳೂ ಇದರಲ್ಲಿ ಸಿಕ್ಕಿಬೀಳುತ್ತವೆ. ನೆಟ್ ಕೈಕೊಟ್ಟಾಗ ಅವು ಕೊಡುವ ಎಚ್ಚರಿಕೆಗಳೇ ಬೇಕಾಗುವುದು.

ನಾಲ್ಕನೆಯದು ನಮ್ಮ ಭಾಷೆಯಲ್ಲಿ ಕೆಲಸ ಮಾಡುವ ಎಲ್ಲರಿಗೂ ಬರುವ ತೊಂದರೆ. ಇಂಗ್ಲಿಷ್‌ನಲ್ಲಿ ಮಾತ್ರ ಲಾಗ್ ಬರೆಯುವವರಿಗೆ ಇದು ಗೊತ್ತೇ ಆಗುವುದಿಲ್ಲ. ಫೈಲ್ ಹ್ಯಾಂಡ್ಲರ್‌ಗೆ ‘ಎನ್‌ಕೋಡಿಂಗ್’ (ಅಕ್ಷರಗಳನ್ನು ಬೈಟ್ ಮಾಡಿ ಬರೆಯುವ ಪದ್ಧತಿ) ಹೇಳದಿದ್ದರೆ ಪೈಥಾನ್ ಆ ಕಂಪ್ಯೂಟರಿನ ರೂಢಿಯ ಎನ್‌ಕೋಡಿಂಗ್ ತೆಗೆದುಕೊಳ್ಳುತ್ತದೆ. ನಿಮ್ಮ ಉಬುಂಟುವಿನಲ್ಲಿ ಅದು ಯುಟಿಎಫ್-8. ಇಂಗ್ಲಿಷ್ ಸೆಟ್ಟಿಂಗ್ ಇರುವ ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಸಿಪಿ1252. ಅದರಲ್ಲಿ ಕನ್ನಡದ ಒಂದು ಅಕ್ಷರಕ್ಕೂ ಜಾಗ ಇಲ್ಲ. ‘ಮೆಂಬರ್ 112, 6.5 ಲೀಟರ್’ ಅಂತ ಇಂಗ್ಲಿಷ್‌ನಲ್ಲಿ ಇರುವ ಸಾಲು ಸಲೀಸಾಗಿ ಹೋಗುತ್ತದೆ. ಅದೇ ಸಾಲಿನಲ್ಲಿ ‘ಗೌರಮ್ಮ’ ಅಂತ ಕನ್ನಡದ ಹೆಸರು ಬಂದರೆ ಬರೆಯುವಾಗ ‘ಯೂನಿಕೋಡ್‌ಎನ್‌ಕೋಡ್‌ಎರರ್’ ಬರುತ್ತದೆ. ನಿಮ್ಮಲ್ಲಿ ಹೆಸರನ್ನು ಇಂಗ್ಲಿಷ್‌ನಲ್ಲಿ ಕೊಟ್ಟ ಸದಸ್ಯರ ಸಾಲು ಇದೆ, ಕನ್ನಡದಲ್ಲಿ ಕೊಟ್ಟವರದ್ದು ಇಲ್ಲ. ಫೈಲ್ ತೆಗೆದು ನೋಡಿ, ಹಾಗೇ ಇರುತ್ತದೆ.

ಪ್ರೋಗ್ರಾಂ ನಿಲ್ಲಲಿಲ್ಲ ಯಾಕೆ ಅಂತ ಕೇಳಬಹುದು. ಲಾಗ್ ಬರೆಯಲು ಆಗಲಿಲ್ಲ ಅಂತ ಹಾಲಿನ ಲೆಕ್ಕ ನಿಲ್ಲಬಾರದು ಅಲ್ವಾ? ಲಾಗಿಂಗ್ ಮಾಡ್ಯೂಲ್ ಆ ಎರರ್ ಅನ್ನು ತಾನೇ ಹಿಡಿದು, ‘ಲಾಗಿಂಗ್ ಎರರ್’ ಎಂಬ ತಲೆಬರಹದ ಕೆಳಗೆ ಎಸ್‌ಟಿಡಿಎರ್‌ಗೆ (ಎರರ್‌ಗಳು ಪರದೆಗೆ ಬರುವ ದಾರಿ) ಚೆಲ್ಲಿ ಮುಂದೆ ಹೋಗುತ್ತದೆ. ಡೈರಿಯಲ್ಲಿ ಪ್ರೋಗ್ರಾಂ ಕಪ್ಪು ಕಿಟಕಿ ಇಲ್ಲದೆ, ಪೈಥಾನ್‌ಡಬ್ಲ್ಯೂ ಮೂಲಕ ಓಡುತ್ತಿದ್ದರೆ ಎಸ್‌ಟಿಡಿಎರ್ ಎಂಬುದೇ ಇರುವುದಿಲ್ಲ. ಆಗ ಆ ದೂರು ಕೂಡ ಯಾರಿಗೂ ಕಾಣುವುದಿಲ್ಲ. ಹ್ಯಾಂಡ್ಲರ್‌ನಲ್ಲಿ ‘ಎನ್‌ಕೋಡಿಂಗ್: ಯುಟಿಎಫ್-8’ ಎಂಬ ಒಂದು ಸಾಲು ಸೇರಿಸಿದರೆ ಮುಗಿಯಿತು. ಪರದೆಯ ಸಾಲುಗಳನ್ನು ಫೈಲಿಗೆ ತಿರುಗಿಸುವ ಅಭ್ಯಾಸ ಇದ್ದರೆ ಅದಕ್ಕೂ ಇದೇ ತೊಂದರೆ ಬರುತ್ತದೆ. ಅಲ್ಲಿ ‘ಪೈಥಾನ್‌ಯುಟಿಎಫ್8’ ಎಂಬ ಎನ್‌ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಡಿ.

ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ‘ಹಾಲು’ ಅಂದರೆ ಹ, ದೀರ್ಘ, ಲ, ಉಕಾರ. ಒಟ್ಟು 12 ಬೈಟ್. ಫೈಲ್ ಎಷ್ಟು ದೊಡ್ಡದಾದಾಗ ಮಗುಚಬೇಕು (ಹಳೆಯದನ್ನು ಬದಿಗಿಟ್ಟು ಹೊಸ ಫೈಲ್ ಶುರುಮಾಡಬೇಕು) ಅಂತ ಲೆಕ್ಕ ಹಾಕುವಾಗ ಇದು ನೆನಪಿರಲಿ.

ಇಷ್ಟನ್ನೂ ಸೇರಿಸಿದರೆ ನಿಮ್ಮ ಡಿಕ್ಷನರಿ ಹೀಗೆ ನಿಲ್ಲುತ್ತದೆ. ಓದಲು ಸುಲಭ ಅಂತ ಯಾಮಲ್ ರೀತಿಯಲ್ಲಿ ಬರೆದಿದ್ದೇನೆ.

ವರ್ಷನ್: 1
ಡಿಸೇಬಲ್_ಎಕ್ಸಿಸ್ಟಿಂಗ್_ಲಾಗರ್ಸ್: ಫಾಲ್ಸ್
ಫಾರ್ಮ್ಯಾಟರ್ಸ್:
    ಸಾದಾ:
        ಫಾರ್ಮ್ಯಾಟ್: (ಸಮಯ, ಲೆವೆಲ್, ಲಾಗರ್ ಹೆಸರು, ಸಂದೇಶ)
ಹ್ಯಾಂಡ್ಲರ್ಸ್:
    ಪರದೆ:
        ಕ್ಲಾಸ್: ಲಾಗಿಂಗ್.ಸ್ಟ್ರೀಮ್‌ಹ್ಯಾಂಡ್ಲರ್
        ಲೆವೆಲ್: ಇನ್ಫೋ
        ಫಾರ್ಮ್ಯಾಟರ್: ಸಾದಾ
        ಸ್ಟ್ರೀಮ್: ಎಕ್ಸ್‌ಟಿ://ಸಿಸ್.ಎಸ್‌ಟಿಡಿಔಟ್
    ಕಡತ:
        ಕ್ಲಾಸ್: ಲಾಗಿಂಗ್.ಹ್ಯಾಂಡ್ಲರ್ಸ್.ರೊಟೇಟಿಂಗ್‌ಫೈಲ್‌ಹ್ಯಾಂಡ್ಲರ್
        ಲೆವೆಲ್: ಡಿಬಗ್
        ಫಾರ್ಮ್ಯಾಟರ್: ಸಾದಾ
        ಫೈಲ್‌ನೇಮ್: (ಫೈಲಿನ ಪೂರ್ತಿ ದಾರಿ)
        ಮ್ಯಾಕ್ಸ್‌ಬೈಟ್ಸ್: 2000000
        ಬ್ಯಾಕಪ್‌ಕೌಂಟ್: 5
        ಎನ್‌ಕೋಡಿಂಗ್: ಯುಟಿಎಫ್-8
ಲಾಗರ್ಸ್:
    ಹಾಲು:
        ಲೆವೆಲ್: ಡಿಬಗ್
ರೂಟ್:
    ಲೆವೆಲ್: ವಾರ್ನಿಂಗ್
    ಹ್ಯಾಂಡ್ಲರ್ಸ್: [ಪರದೆ, ಕಡತ]

‘ವರ್ಷನ್’ ಬರೆಯಲೇಬೇಕು. ಅದಕ್ಕೆ 1 ಬಿಟ್ಟು ಬೇರೆ ಬೆಲೆ ಇನ್ನೂ ಇಲ್ಲ. ಲಾಗರ್ಸ್ ಕೆಳಗೆ ‘ಹಾಲು’ ಒಂದೇ ಹೆಸರು ಸಾಕು. ‘ಹಾಲು.ಲೆಕ್ಕ’, ‘ಹಾಲು.ಮೆಸೇಜ್’, ಮುಂದಿನ ವರ್ಷ ನೀವು ಸೇರಿಸುವ ಇನ್ನೊಂದು ಮಾಡ್ಯೂಲ್, ಎಲ್ಲವೂ ಅದರ ಮಕ್ಕಳು. ನಿಮ್ಮ ಕೋಡಿನ ಡಿಬಗ್ ಸಾಲು ಫೈಲಿಗೆ ಬರುತ್ತದೆ. ಪರದೆಯಲ್ಲಿ ಇನ್ಫೋ ಮತ್ತು ಅದರ ಮೇಲಿನದು ಮಾತ್ರ. ಹೊರಗಿನ ಲೈಬ್ರರಿಗಳು ರೂಟ್‌ನ ವಾರ್ನಿಂಗ್ ಪಡೆದು ಸುಮ್ಮನಿರುತ್ತವೆ.

ಹ್ಯಾಂಡ್ಲರ್ ಒಳಗೆ ಕ್ಲಾಸ್, ಲೆವೆಲ್, ಫಾರ್ಮ್ಯಾಟರ್, ಫಿಲ್ಟರ್ಸ್ ಈ ನಾಲ್ಕನ್ನು ಡಿಕ್ಟ್‌ಕಾನ್ಫಿಗ್ ತಾನು ಇಟ್ಟುಕೊಳ್ಳುತ್ತದೆ. ಮಿಕ್ಕ ಕೀಗಳೆಲ್ಲ ಆ ಕ್ಲಾಸ್‌ಗೆ ಆರ್ಗ್ಯುಮೆಂಟ್ ಆಗಿ ಹೋಗುತ್ತವೆ. ಹಾಗಾಗಿ ಯಾವ ಹ್ಯಾಂಡ್ಲರ್‌ಗೆ ಏನು ಬರೆಯಬಹುದು ಅಂತ ತಿಳಿಯಲು ಆ ಕ್ಲಾಸ್‌ನ ವಿವರ ನೋಡಿದರೆ ಆಯಿತು. ‘ಎಕ್ಸ್‌ಟಿ://’ ಅಂದರೆ ಇದು ಬರೀ ಅಕ್ಷರ ಅಲ್ಲ, ಹೊರಗಿರುವ ನಿಜವಾದ ವಸ್ತು, ಅದನ್ನು ತಂದುಕೊಡು ಅಂತ ಅರ್ಥ. ಅದನ್ನು ಬರೆಯದಿದ್ದರೆ ಸ್ಟ್ರೀಮ್‌ಹ್ಯಾಂಡ್ಲರ್ ಎಸ್‌ಟಿಡಿಎರ್‌ಗೆ ಬರೆಯುತ್ತದೆ.

ಮ್ಯಾಕ್ಸ್‌ಬೈಟ್ಸ್, ಬ್ಯಾಕಪ್‌ಕೌಂಟ್ ಎರಡನ್ನೂ ಕೊಡಿ. ಎರಡರಲ್ಲಿ ಒಂದು ಸೊನ್ನೆ ಇದ್ದರೂ ಫೈಲ್ ಮಗುಚುವುದೇ ಇಲ್ಲ, ಬೆಳೆಯುತ್ತಾ ಹೋಗುತ್ತದೆ. ಮೇಲಿನ ಲೆಕ್ಕದಲ್ಲಿ ಈಗಿನದು ಒಂದು, ಹಳೆಯದು ಐದು. ಸುಮಾರು 12 ಎಂಬಿ ಒಳಗೆ ನಿಲ್ಲುತ್ತದೆ. ಒಂದೇ ಫೈಲನ್ನು ಎರಡು ಪ್ರೋಸೆಸ್ ಮಗುಚಲು ಹೋಗಬಾರದು. ವಿಂಡೋಸ್‌ನಲ್ಲಿ ಇನ್ನೊಂದು ಪ್ರೋಸೆಸ್ ತೆರೆದಿಟ್ಟ ಫೈಲಿನ ಹೆಸರು ಬದಲಿಸಲು ಬಿಡುವುದಿಲ್ಲ, ಪರ್ಮಿಷನ್ ಎರರ್ ಬರುತ್ತದೆ. ತಿಂಗಳ ಬಿಲ್ ಮಾಡುವ ಸ್ಕ್ರಿಪ್ಟ್ ಬೇರೆ ಇದ್ದರೆ ಅದಕ್ಕೆ ಬೇರೆ ಲಾಗ್ ಫೈಲ್ ಕೊಡಿ.

ಪೂರ್ತಿ ದಾರಿ ಯಾಕೆ ಅಂದರೆ, ಟಾಸ್ಕ್ ಶೆಡ್ಯೂಲರ್ ಪ್ರೋಗ್ರಾಂ ಓಡಿಸುವಾಗ ಅದು ನಿಮ್ಮ ಫೋಲ್ಡರ್‌ನಲ್ಲೇ ನಿಂತಿರುತ್ತದೆ ಅನ್ನುವ ಖಾತರಿ ಇಲ್ಲ. ಫೋಲ್ಡರ್ ಇಲ್ಲದಿದ್ದರೆ ಹ್ಯಾಂಡ್ಲರ್ ತಾನಾಗಿ ಮಾಡುವುದೂ ಇಲ್ಲ. ಆಗ ‘ಅನೇಬಲ್ ಟು ಕಾನ್ಫಿಗರ್ ಹ್ಯಾಂಡ್ಲರ್ ಕಡತ’ ಅಂತ ವ್ಯಾಲ್ಯೂಎರರ್ ಬರುತ್ತದೆ. ಆ ಕೊನೆಯ ಸಾಲು ನೋಡಿ ತಲೆ ಕೆಡಿಸಿಕೊಳ್ಳಬೇಡಿ. ಅದಕ್ಕೆ ಕಾರಣವಾದ ಮೂಲ ಎರರ್ ಸ್ವಲ್ಪ ಮೇಲೆ ಇರುತ್ತದೆ. ಮೇಲಕ್ಕೆ ಸರಿಸಿ ಓದಿ.

ಹೀಗೆ ಗಲಾಟೆ ಮಾಡುವ ತಪ್ಪು ಒಳ್ಳೆಯದು. ಸುಮ್ಮನಿರುವ ತಪ್ಪಿನ ಬಗ್ಗೆ ಹುಷಾರಾಗಿರಿ. ಹ್ಯಾಂಡ್ಲರ್ ಒಳಗೆ ಒಂದು ಕೀ ತಪ್ಪಾಗಿ ಬರೆದರೆ ಅದು ಕ್ಲಾಸ್‌ಗೆ ಹೋಗಿ, ಕ್ಲಾಸ್ ಒಪ್ಪದೆ, ಎರರ್ ಬರುತ್ತದೆ. ಆದರೆ ರೂಟ್ ಕೆಳಗೆ ‘ಹ್ಯಾಂಡ್ಲರ್ಸ್’ ಬದಲು ‘ಹ್ಯಾಂಡ್ಲರ್’ ಅಂತ ಕೊನೆಯ ‘ಸ್’ ಬಿಟ್ಟು ಬರೆದರೆ? ಡಿಕ್ಟ್‌ಕಾನ್ಫಿಗ್ ತನಗೆ ಗೊತ್ತಿರುವ ಕೀ ಹುಡುಕುತ್ತದೆ, ಸಿಗಲಿಲ್ಲ ಅಂದರೆ ಬಿಟ್ಟುಬಿಡುತ್ತದೆ. ಎರರ್ ಇಲ್ಲ, ಹ್ಯಾಂಡ್ಲರ್ ಕೂಡ ಇಲ್ಲ. ಆಗಲೂ ವಾರ್ನಿಂಗ್ ಮತ್ತು ಮೇಲಿನ ಸಾಲುಗಳು ಪರದೆಯಲ್ಲಿ ಕಾಣುತ್ತವೆ. ಯಾವ ಹ್ಯಾಂಡ್ಲರ್ ಕೂಡ ಸಿಗದಿದ್ದಾಗ ಪೈಥಾನ್ ‘ಲಾಸ್ಟ್‌ರಿಸಾರ್ಟ್’ ಎಂಬ ಆಪತ್ಕಾಲದ ಹ್ಯಾಂಡ್ಲರ್ ಬಳಸುತ್ತದೆ. ಅದು ಸಮಯ, ಹೆಸರು ಏನೂ ಇಲ್ಲದೆ ಬರೀ ಸಂದೇಶ ಬರೆಯುತ್ತದೆ. ನೀವು ಫಾರ್ಮ್ಯಾಟ್ ಕೊಟ್ಟಿದ್ದೂ ಸಾಲು ಹೀಗೆ ಬೋಳಾಗಿ ಬಂದರೆ ನಿಮ್ಮ ಹ್ಯಾಂಡ್ಲರ್ ಅಂಟಿಲ್ಲ ಅಂತ ತಿಳಿಯಿರಿ.

ಅನುಮಾನ ಬಂದಾಗ ಊಹೆ ಮಾಡುತ್ತಾ ಕೂರಬೇಡಿ, ಲಾಗರ್‌ನನ್ನೇ ಕೇಳಿ. ಡಿಕ್ಟ್‌ಕಾನ್ಫಿಗ್ ಆದ ಮೇಲೆ ‘ಗೆಟ್‌ಲಾಗರ್’ಗೆ ‘ಹಾಲು.ಲೆಕ್ಕ’ ಅಂತ ಕೊಟ್ಟು, ಅದರ ‘ಡಿಸೇಬಲ್ಡ್’, ‘ಗೆಟ್‌ಎಫೆಕ್ಟಿವ್‌ಲೆವೆಲ್’, ‘ಹ್ಯಾಂಡ್ಲರ್ಸ್’, ‘ಪ್ರೊಪಗೇಟ್’ ನಾಲ್ಕನ್ನೂ ಪ್ರಿಂಟ್ ಮಾಡಿ. ಮೇಲಿನ ಡಿಕ್ಷನರಿಗೆ ಬರಬೇಕಾದ ಉತ್ತರ: ಫಾಲ್ಸ್, 10, ಖಾಲಿ ಪಟ್ಟಿ, ಟ್ರೂ. ಇದರಲ್ಲಿ ಯಾವುದು ಬೇರೆ ಬಂದರೂ ತಪ್ಪು ಎಲ್ಲಿದೆ ಅಂತ ಅದೇ ಹೇಳುತ್ತದೆ. ಪೂರ್ತಿ ವಂಶವೃಕ್ಷ ನೋಡಬೇಕಾದರೆ ‘ಲಾಗಿಂಗ್_ಟ್ರೀ’ ಎಂಬ ಸಣ್ಣ ಪ್ಯಾಕೇಜ್ ಇದೆ. ಗಿಡದ ಹಾಗೆ ಬರೆದು ತೋರಿಸುತ್ತದೆ.

ಮಾಡ್ಯೂಲ್‌ಗಳಲ್ಲಿ ಲಾಗರ್ ಹೆಸರನ್ನು ಕೈಯಲ್ಲಿ ಬರೆಯದೆ ‘__ನೇಮ್__’ ಕೊಡಿ. ಆಗ ಹೆಸರು ತಾನಾಗಿ ‘ಹಾಲು.ಲೆಕ್ಕ’ ಆಗುತ್ತದೆ. ಆದರೆ ಅದೇ ಫೈಲನ್ನು ನೇರವಾಗಿ ಓಡಿಸಿ ಪರೀಕ್ಷೆ ಮಾಡಿದರೆ ಅದರ ಹೆಸರು ‘__ಮೇನ್__’ ಆಗುತ್ತದೆ. ಅದು ‘ಹಾಲು’ವಿನ ಮಗು ಅಲ್ಲ. ರೂಟ್‌ನ ವಾರ್ನಿಂಗ್ ಅದಕ್ಕೆ ಬೀಳುತ್ತದೆ, ಡಿಬಗ್ ಮತ್ತೆ ಮಾಯ. ಅದನ್ನು ಕಾನ್ಫಿಗ್ ತಪ್ಪು ಅಂದುಕೊಳ್ಳಬೇಡಿ. ಡಿಕ್ಟ್‌ಕಾನ್ಫಿಗ್ ಅನ್ನು ಪ್ರೋಗ್ರಾಂ ಶುರುವಾಗುವ ಒಂದೇ ಜಾಗದಲ್ಲಿ, ಒಂದೇ ಸಲ ಕರೆಯಿರಿ. ಲೆಕ್ಕದ ಮಾಡ್ಯೂಲ್ ಒಳಗೆ ಬೇಡ. ಹಾಗೆಯೇ ನಿಮ್ಮ ಯಾವ ಫೈಲಿಗೂ ‘ಲಾಗಿಂಗ್.ಪೈ’ ಅಂತ ಹೆಸರಿಡಬೇಡಿ. ಸ್ಕ್ರಿಪ್ಟ್ ಪಕ್ಕದಲ್ಲೇ ಆ ಹೆಸರಿನ ಫೈಲ್ ಇದ್ದರೆ ಪೈಥಾನ್ ತನ್ನದನ್ನು ಬಿಟ್ಟು ನಿಮ್ಮದನ್ನು ಇಂಪೋರ್ಟ್ ಮಾಡುತ್ತದೆ.

ನೀವು ಕೇಳದ ಒಂದು ವಿಷಯ ಹೇಳಲೇಬೇಕು. ನಿಮ್ಮ ಲಾಗ್‌ನಲ್ಲಿ ಸದಸ್ಯರ ಮೊಬೈಲ್ ನಂಬರ್ ಬರುತ್ತಿರಬೇಕು. ಬ್ಯಾಂಕ್ ಖಾತೆ ನಂಬರೂ ಬರುತ್ತಿರಬಹುದು. ಆ ಫೈಲ್ ಡೈರಿಯ ಕಂಪ್ಯೂಟರಿನಲ್ಲಿ ಕೂತಿದೆ, ಯಾರು ಬೇಕಾದರೂ ತೆಗೆಯುತ್ತಾರೆ. ನಿಮ್ಮನ್ನು ನಂಬಿ ನಂಬರ್ ಕೊಟ್ಟ ಊರಿನವರು ಅವರು. ಕೊನೆಯ ನಾಲ್ಕು ಅಂಕಿ ಬಿಟ್ಟು ಉಳಿದದ್ದನ್ನು ಮರೆಮಾಡಿ. ಇದಕ್ಕೇ ಫಿಲ್ಟರ್ ಇರುವುದು. ಡಿಕ್ಷನರಿಯಲ್ಲಿ ‘ಫಿಲ್ಟರ್ಸ್’ ಕೆಳಗೆ ಒಂದು ಹೆಸರು ಕೊಟ್ಟು, ಅದರೊಳಗೆ ‘()’ ಎಂಬ ವಿಚಿತ್ರ ಕೀಗೆ ನಿಮ್ಮ ಫಿಲ್ಟರ್ ಕ್ಲಾಸ್‌ನ ದಾರಿ ಬರೆಯಿರಿ. ಬರೀ ಆವರಣ ಚಿಹ್ನೆ, ಒಳಗೆ ಏನೂ ಇಲ್ಲ. ಇದನ್ನು ಕರೆದು ವಸ್ತು ಮಾಡಿಕೋ ಅಂತ ಅದರ ಅರ್ಥ.

ಈ ಫಿಲ್ಟರ್ ಅನ್ನು ‘ಹಾಲು’ ಲಾಗರ್‌ಗೆ ಅಂಟಿಸಿದರೆ ಕೆಲಸ ಆಗುವುದಿಲ್ಲ. ಲಾಗರ್‌ನ ಫಿಲ್ಟರ್ ಆ ಲಾಗರ್‌ನಲ್ಲೇ ಹುಟ್ಟಿದ ಸಾಲಿಗೆ ಮಾತ್ರ. ಮಕ್ಕಳಿಂದ ಮೇಲೆ ಹತ್ತಿ ಬಂದ ಸಾಲು ಅದನ್ನು ದಾಟುವುದೇ ಇಲ್ಲ. ಆದ್ದರಿಂದ ಹ್ಯಾಂಡ್ಲರ್‌ಗೆ ಅಂಟಿಸಿ, ಪರದೆಗೂ ಕಡತಕ್ಕೂ. ಫಿಲ್ಟರ್ ಒಳಗೆ ರೆಕಾರ್ಡ್‌ನ ‘ಎಂಎಸ್‌ಜಿ’ ಒಂದನ್ನೇ ತಿದ್ದಿದರೂ ಸಾಲದು. ನೀವು ಶೇಕಡಾ ಚಿಹ್ನೆ ಇಟ್ಟು ನಂಬರನ್ನು ಆಮೇಲೆ ಕೊಟ್ಟಿದ್ದರೆ ಆ ನಂಬರ್ ‘ಆರ್ಗ್ಸ್’ನಲ್ಲಿ ಇರುತ್ತದೆ. ‘ಗೆಟ್‌ಮೆಸೇಜ್’ ಕರೆದು ಪೂರ್ತಿ ಸಂದೇಶ ಪಡೆಯಿರಿ. ಅಂಕಿಗಳನ್ನು ಮರೆಮಾಡಿ ‘ಎಂಎಸ್‌ಜಿ’ಗೆ ಹಾಕಿ. ‘ಆರ್ಗ್ಸ್’ ಖಾಲಿ ಮಾಡಿ. ಕೊನೆಗೆ ಟ್ರೂ ವಾಪಸ್ ಕೊಡಿ. ಟ್ರೂ ಕೊಡಲು ಮರೆತರೆ ಸಾಲೇ ಬೀಳುವುದಿಲ್ಲ.

ಸಮಯದ ಬಗ್ಗೆ ಚಿಕ್ಕದಾಗಿ. ಲಾಗ್‌ನಲ್ಲಿ ಬರುವುದು ಆ ಕಂಪ್ಯೂಟರಿನ ಸ್ಥಳೀಯ ಸಮಯ. ಡೈರಿಯ ಕಂಪ್ಯೂಟರಿನಲ್ಲಿ ತೊಂದರೆ ಇಲ್ಲ. ಮುಂದೆ ಪ್ರೋಗ್ರಾಂ ಅನ್ನು ಯುಟಿಸಿ ಸಮಯದ ಸರ್ವರ್‌ಗೆ ಹಾಕಿದರೆ ಬೆಳಿಗ್ಗೆ 6ರ ಹಾಲು ಲಾಗ್‌ನಲ್ಲಿ ರಾತ್ರಿ 12.30 ಅಂತ ಕಾಣುತ್ತದೆ. ‘ಡೇಟ್‌ಎಫ್‌ಎಂಟಿ’ಯಲ್ಲಿ ಸಮಯವಲಯವನ್ನೂ ಸೇರಿಸಿಬಿಡಿ. ಆಗ ಸಾಲಿನಲ್ಲೇ ಡೈರಿಯ ಕಂಪ್ಯೂಟರಿನಲ್ಲಿ +0530, ಆ ಸರ್ವರ್‌ನಲ್ಲಿ +0000 ಅಂತ ಬರುತ್ತದೆ. ಆದರೆ ‘ಡೇಟ್‌ಎಫ್‌ಎಂಟಿ’ ಕೊಟ್ಟ ಕೂಡಲೇ ಮಿಲಿಸೆಕೆಂಡ್ ಹೋಗುತ್ತದೆ. ಬೇಕಿದ್ದರೆ ಫಾರ್ಮ್ಯಾಟ್‌ನಲ್ಲಿ ‘ಎಂಸೆಕ್ಸ್’ ಬೇರೆಯಾಗಿ ಹಾಕಿಕೊಳ್ಳಿ.

ಡಿಕ್ಷನರಿಯನ್ನು ಯಾಮಲ್ ಫೈಲಿನಲ್ಲಿ ಇಟ್ಟರೆ ಓದಲು ‘ಸೇಫ್_ಲೋಡ್’ ಬಳಸಿ. ಆ ಫೈಲನ್ನು ಹೊರಗಿನವರು ಬದಲಿಸುವಂತೆ ಇಡಬೇಡಿ. ಡಿಕ್ಷನರಿಯಲ್ಲಿ ಬರೆದ ಕ್ಲಾಸ್ ಹೆಸರನ್ನು ಡಿಕ್ಟ್‌ಕಾನ್ಫಿಗ್ ಇಂಪೋರ್ಟ್ ಮಾಡಿ ಕರೆಯುತ್ತದೆ. ಅಂದರೆ ಅದನ್ನು ಬರೆಯಬಲ್ಲವರು ನಿಮ್ಮ ಪ್ರೋಗ್ರಾಂನಿಂದ ಬೇಕಾದ್ದು ಮಾಡಿಸಬಲ್ಲರು.

ಇವತ್ತು ಸಂಜೆಯ ಹಾಲಿಗೆ ಮುಂಚೆ ಎರಡು ಸಾಲು ಮಾತ್ರ ಬದಲಿಸಿ: ಎನ್‌ಕೋಡಿಂಗ್ ಯುಟಿಎಫ್-8, ಡಿಸೇಬಲ್_ಎಕ್ಸಿಸ್ಟಿಂಗ್_ಲಾಗರ್ಸ್ ಫಾಲ್ಸ್. ಈಗ ಕಳೆದುಹೋಗುತ್ತಿರುವ ಸಾಲುಗಳನ್ನು ಉಳಿಸುವುದು ಇವೆರಡೇ. ಎರಡೆರಡು ಸಲ ಬರುವುದರಿಂದ ಏನೂ ಕಳೆದುಹೋಗುವುದಿಲ್ಲ. ಮರುದಿನ ಫೈಲ್ ತೆಗೆದು ಕನ್ನಡದಲ್ಲಿ ಹೆಸರು ಕೊಟ್ಟ ಒಬ್ಬ ಸದಸ್ಯರನ್ನು ಹುಡುಕಿ. ಅವರ ಬೆಳಗಿನ ಲೀಟರ್, ಫ್ಯಾಟ್, ಮೆಸೇಜ್ ಹೋದ ಸಮಯ ಮೂರೂ ಸಿಕ್ಕರೆ, ಮಿಕ್ಕ ಬದಲಾವಣೆಗೆ ಕೈ ಹಾಕಿ.